ಗೋವಾದಲ್ಲಿ ಸ್ಕೂಬಾ ರಜೆ: ಮೊದಲು ಸಮುದ್ರ, ಆಮೇಲೆ ರೆಸಾರ್ಟ್

ಕಲಂಗೂಟ್, ಬಾಗಾ ಕಡೆ ಕಾಲಿಟ್ಟರೆ ಸಾಕು, ಲ್ಯಾಮಿನೇಟ್ ಮಾಡಿದ ಕಾರ್ಡು ಹಿಡಿದವರು ಬೆನ್ನು ಹತ್ತುತ್ತಾರೆ. ‘ಸರ್, ಸ್ಕೂಬಾ? ಪ್ಯಾರಾಸೇಲಿಂಗ್, ಬನಾನಾ ರೈಡ್ ಎಲ್ಲಾ ಸೇರಿ ಎರಡು ಸಾವಿರ, ಊಟ ಫ್ರೀ.’ ಕಾರ್ಡಿನಲ್ಲಿರುವ ಗಾಜಿನಂಥ ನೀಲಿ ನೀರು ಬಹುಪಾಲು ಗೋವಾದ್ದೇ ಅಲ್ಲ. ದೋಣಿ ತುಂಬಾ ಜನ, ಕಿವಿ ಕಿತ್ತುಹೋಗುವ ಹಾಡು. ನಿಮ್ಮ ಸರದಿ ಬಂದಾಗ ಒಬ್ಬರು ಬೆನ್ನ ಮೇಲಿನ ಸಿಲಿಂಡರ್ ಹಿಡಿದು ಮುಳುಗಿಸುತ್ತಾರೆ, ಒಂದು ವೀಡಿಯೊ ತೆಗೆಯುತ್ತಾರೆ, ಐದು-ಹತ್ತು ನಿಮಿಷದಲ್ಲಿ ಮೇಲೆತ್ತುತ್ತಾರೆ. ಅದನ್ನು ಡೈವಿಂಗ್ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ನಾನು ಹೇಳುತ್ತಿರುವುದು ಬೇರೆ ರೀತಿಯ ರಜೆ. ನಾಲ್ಕೈದು ದಿನ ಬಿಡುವು ಮಾಡಿಕೊಂಡು, ಸ್ಕೂಬಾ ಡೈವಿಂಗ್, ಅಂದರೆ ಬೆನ್ನಿನ ಸಿಲಿಂಡರಿನ ಗಾಳಿ ಉಸಿರಾಡುತ್ತಾ ನೀರಿನಡಿ ಓಡಾಡುವುದನ್ನು ಸರಿಯಾಗಿ ಕಲಿತು ನೀರಿಗಿಳಿದು, ಆಮೇಲೆ ಗೋವಾದ ದಕ್ಷಿಣ ತುದಿಯ ಕಾಣಕೋಣದ ಯಾವುದಾದರೂ ತೆಂಗಿನ ತೋಪಿನೊಳಗಿನ ಗುಡಿಸಿಲಿನಲ್ಲಿ ಸುಮ್ನೆ ಬಿದ್ದುಕೊಳ್ಳುವುದು. ವಾಸ್ಕೋ, ಮಡಗಾಂವ್‌ನಲ್ಲಿರುವ ನಮ್ಮವರಿಗೂ ಇದು ಆಗುತ್ತದೆ, ಮುಂಬೈ-ಪುಣೆಯಿಂದ ಬರುವವರಿಗೂ ಆಗುತ್ತದೆ. ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಬರುವ ನೆಂಟರಿಗೆ ಮಾತ್ರ ಕೊನೆಯಲ್ಲಿ ಒಂದು ವಿಶೇಷ ಎಚ್ಚರಿಕೆ ಇದೆ.

ಹಂತ 1: ರಜೆಯ ಕ್ರಮವನ್ನು ತಿರುಗಿಸಿ

ಎಲ್ಲರೂ ಮಾಡುವುದು ಹೀಗೆ: ಮೊದಲು ರೆಸಾರ್ಟ್ ಬುಕ್ ಮಾಡುತ್ತಾರೆ, ಎರಡು ದಿನ ಉಂಡು ಕುಡಿದು ಮಲಗುತ್ತಾರೆ, ಊರಿಗೆ ಹೊರಡುವ ಹಿಂದಿನ ದಿನ ‘ಸ್ಕೂಬಾನೂ ಮುಗಿಸಿಬಿಡೋಣ’ ಅನ್ನುತ್ತಾರೆ. ಇದನ್ನು ಪೂರ್ತಿ ಉಲ್ಟಾ ಮಾಡಬೇಕು. ಬಂದ ಮರುದಿನವೇ ಡೈವ್, ರೆಸಾರ್ಟ್ ಕೊನೆಗೆ.

ಕಾರಣ ಮೂರು. ಒಂದು, ಡೈವ್ ಮಾಡಿದ ಮೇಲೆ ವಿಮಾನ ಹತ್ತುವ ಮೊದಲು ಇಷ್ಟು ಗಂಟೆ ಕಾಯಬೇಕು ಅಂತ ನಿಯಮ ಇದೆ. ರೆಸಾರ್ಟ್ ಕೊನೆಗಿದ್ದರೆ ಆ ಕಾಯುವಿಕೆ ತಾನಾಗಿ ಮುಗಿದುಹೋಗುತ್ತದೆ. ಎರಡು, ಸಮುದ್ರ ಒಂದು ದಿನ ಕೆಟ್ಟರೆ ಡೈವ್ ಮುಂದಕ್ಕೆ ಹಾಕಲು ಕೈಯಲ್ಲಿ ದಿನ ಇರುತ್ತದೆ. ಮೂರು, ಗೋವಾಕ್ಕೆ ಬಂದ ಮೇಲೆ ಗ್ಲಾಸು ಎತ್ತುವವರು ಎತ್ತಿಯೇ ಎತ್ತುತ್ತಾರೆ. ಎತ್ತಲಿ, ಆದರೆ ಡೈವ್ ಮುಗಿದ ಮೇಲೆ. ಹಿಂದಿನ ರಾತ್ರಿಯ ಫೆನಿ ಮೈಯ ನೀರನ್ನು ಒಣಗಿಸುತ್ತದೆ. ಮೈಯಲ್ಲಿ ನೀರು ಕಡಿಮೆ ಇರುವವರಿಗೆ ಡೈವಿಂಗಿನ ತೊಂದರೆಗಳೂ ಜಾಸ್ತಿ.

ಇನ್ನೊಂದು ಲೆಕ್ಕ ದೂರದ್ದು. ಡೈವಿಂಗ್ ನಡೆಯುವುದು ಮುಖ್ಯವಾಗಿ ಗ್ರಾಂಡೆ ದ್ವೀಪದ ಸುತ್ತ, ಅಂದರೆ ವಾಸ್ಕೋ-ಬೋಗ್ಮಾಳೊ ಎದುರಿನ ಸಮುದ್ರದಲ್ಲಿ. ನಿಶ್ಶಬ್ದದ ರೆಸಾರ್ಟುಗಳು ಇರುವುದು ದಕ್ಷಿಣದ ತುದಿಯ ಕಾಣಕೋಣ ತಾಲ್ಲೂಕಿನಲ್ಲಿ. ನಡುವೆ ಸುಮಾರು 70 ಕಿ.ಮೀ., ಅದರಲ್ಲಿ ಕರ್ಮಲ್ ಘಾಟಿನ ತಿರುವುಗಳೂ ಸೇರಿವೆ. ರೆಸಾರ್ಟಿನಿಂದ ನಸುಕಿನಲ್ಲೇ ಎದ್ದು, ಆ ತಿರುವುಗಳಲ್ಲಿ ಹೊಟ್ಟೆ ತೊಳಸಿಕೊಂಡು, ಮತ್ತೆ ದೋಣಿ ಹತ್ತುವುದು ಬೇಡ. ಮೊದಲ ಎರಡು ರಾತ್ರಿ ಬೋಗ್ಮಾಳೊ ಅಥವಾ ವಾಸ್ಕೋ ಕಡೆ ಸಾಧಾರಣ ರೂಮು ಮಾಡಿ. ದುಡ್ಡು ಉಳಿಸಿ, ಕಾಣಕೋಣದಲ್ಲಿ ಖರ್ಚು ಮಾಡಿ.

ಹಂತ 2: ತಿಂಗಳು ಮತ್ತು ತಿಥಿ

ಗೋವಾದ ಡೈವಿಂಗ್ ಕಾಲ ಅಕ್ಟೋಬರ್ ಮಧ್ಯದಿಂದ ಮೇ ಮಧ್ಯದವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಕಡಲು ಹುಚ್ಚೆದ್ದಿರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ ಇದೆ. ಮೀನುಗಾರರೇ ಹೋಗದ ಕಡಲಿಗೆ ನಾವು ಹೋಗುವುದು ಯಾಕೆ?

ಅಕ್ಟೋಬರ್‌ನಲ್ಲಿ ಮಾಂಡೋವಿ, ಜುವಾರಿ ನದಿಗಳು ಮಳೆಯ ಕೆಸರನ್ನು ಇನ್ನೂ ಸಮುದ್ರಕ್ಕೆ ತಳ್ಳುತ್ತಲೇ ಇರುತ್ತವೆ, ಹಾಗಾಗಿ ನೀರು ಕದಡಿರುತ್ತದೆ. ನವೆಂಬರ್‌ನಿಂದ ಮಾರ್ಚ್‌ವರೆಗೆ ನನ್ನ ಪ್ರಕಾರ ಒಳ್ಳೆಯ ಕಾಲ. ಕ್ರಿಸ್ಮಸ್‌ನಿಂದ ಹೊಸ ವರ್ಷದವರೆಗಿನ ವಾರ ಮಾತ್ರ ಬಿಟ್ಟುಬಿಡಿ. ರೂಮಿನ ಬೆಲೆ ಆಕಾಶಕ್ಕೇರಿರುತ್ತದೆ, ತರಬೇತುದಾರರಿಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಸಂಕ್ರಾಂತಿ ಕಳೆದ ಮೇಲೆ ಬನ್ನಿ.

ತಿಂಗಳು ಗೊತ್ತಾದ ಮೇಲೆ ಗೋಡೆಯ ಕ್ಯಾಲೆಂಡರ್ ತೆಗೆದು ತಿಥಿ ನೋಡಿ. ನಾನು ಜ್ಯೋತಿಷ್ಯ ಹೇಳುತ್ತಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ-ಇಳಿತ ದೊಡ್ಡದು, ನೀರಿನ ಸೆಳೆತ ಜೋರು, ತಳದ ಮಣ್ಣು ಎದ್ದು ನೀರು ಮಸುಕಾಗುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಉಬ್ಬರ ಸಣ್ಣದು, ಒಂದೆರಡು ದಿನ ನೀರು ತಣ್ಣಗೆ ಕೂತಿರುತ್ತದೆ. ರಜೆ ಹಾಕುವ ಸ್ವಾತಂತ್ರ್ಯ ನಿಮ್ಮ ಕೈಯಲ್ಲಿದ್ದರೆ ಅಷ್ಟಮಿ-ನವಮಿಗೆ ಡೈವ್ ಬೀಳುವ ಹಾಗೆ ನೋಡಿಕೊಳ್ಳಿ. ಹೊತ್ತಿನ ವಿಷಯದಲ್ಲಿ ಚರ್ಚೆಯೇ ಇಲ್ಲ, ಬೆಳಗಿನ ದೋಣಿಯೇ ಆಗಬೇಕು. ಮಧ್ಯಾಹ್ನದ ಹೊತ್ತಿಗೆ ಸಮುದ್ರದ ಕಡೆಯಿಂದ ಗಾಳಿ ಎದ್ದು ಅಲೆ ಶುರುವಾಗುತ್ತದೆ.

ಹಂತ 3: ನಿರೀಕ್ಷೆ ಸರಿಮಾಡಿಕೊಳ್ಳಿ, ಜಾಗ ಆರಿಸಿ

ಗೋವಾ ಅಂಡಮಾನ್ ಅಲ್ಲ. ಗ್ರಾಂಡೆ ದ್ವೀಪದ ಸುತ್ತ ಸಾಮಾನ್ಯವಾಗಿ 3ರಿಂದ 8 ಮೀಟರ್ ದೂರದವರೆಗೆ ಕಾಣುತ್ತದೆ, ತುಂಬಾ ಒಳ್ಳೆಯ ದಿನವಾದರೆ 10 ಮೀಟರ್. ನೀರಿನ ಬಣ್ಣ ನೀಲಿಗಿಂತ ಹಸಿರು. ಇದು ಗೊತ್ತಿಲ್ಲದೆ ಬಂದವರು ‘ಮೋಸ ಹೋದೆವು’ ಅಂತಾರೆ. ಆದರೆ ಆಳ ಕಡಿಮೆ, ನೀರು ಬೆಚ್ಚಗೆ, ಬಂಡೆಗಳ ನಡುವೆ ಅಲೆಯ ಹೊಡೆತದಿಂದ ಮರೆಯಾದ ಜಾಗಗಳಿವೆ. ಮೊದಲ ಸಲ ಕಲಿಯಲು ಇದು ಒಳ್ಳೆಯ ಜಾಗ. ಸುಝೀಸ್ ರೆಕ್ ಅನ್ನುವ ಮುಳುಗಿದ ಹಡಗು, ಊಮಾ ಗುಮ್ಮಾ ರೀಫ್ (ರೀಫ್ ಅಂದರೆ ನೀರಿನಡಿಯ ಬಂಡೆಸಾಲು), ಸೇಲ್ ರಾಕ್ ಇಲ್ಲಿನ ಹೆಸರಾದ ತಾಣಗಳು. ಗೊಬ್ರೊ ಮೀನು, ಚಿಟ್ಟೆ ಮೀನು, ಗಿಳಿ ಮೀನು, ಮುಳ್ಳು ಬಿಚ್ಚಿಕೊಂಡ ಲಯನ್ ಫಿಶ್, ಬಂಡೆಯ ಸಂದಿಯಿಂದ ತಲೆ ಹಾಕುವ, ಹಾವಿನಂಥ ಮೊರೆ ಈಲ್ ಮೀನು ಸಿಗುತ್ತವೆ.

ಇದೇ ದ್ವೀಪದ ಹತ್ತಿರದ ಸುಂಚಿ ರೀಫಿನಲ್ಲಿ ದೋನಾ ಪಾವ್ಲಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು 17ನೇ ಶತಮಾನದ ಪೋರ್ಚುಗೀಸ್ ಹಡಗಿನ ಅವಶೇಷ ಪತ್ತೆ ಮಾಡಿದ್ದಾರೆ. ಫಿರಂಗಿ, ಆನೆದಂತ, ನೀರುಕುದುರೆಯ ಹಲ್ಲು, ಚೀನಾ ಪಿಂಗಾಣಿಯ ಚೂರು ಎಲ್ಲ ಅಲ್ಲಿ ಸಿಕ್ಕಿವೆ. ನಮಗೆ ಅಲ್ಲಿ ಇಳಿಯುವ ಕೆಲಸವಿಲ್ಲ. ಆದರೂ ದೋಣಿ ಆ ಕಡೆ ಸಾಗುವಾಗ ತಿಳಿದಿದ್ದರೆ ನೋಡುವ ಕಣ್ಣೇ ಬೇರೆ ಆಗುತ್ತದೆ.

ತಿಳಿನೀರೇ ಬೇಕು ಅಂದರೆ ಕಾಣಕೋಣದಿಂದ ದಕ್ಷಿಣಕ್ಕೆ ಹೋಗಿ, ನಮ್ಮ ಉತ್ತರ ಕನ್ನಡಕ್ಕೆ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದಲ್ಲಿ ಒಳ್ಳೆಯ ದಿನ 15-20 ಮೀಟರ್ ಕಾಣುತ್ತದೆ. ದೋಣಿಯಲ್ಲಿ ಒಂದೂವರೆ ಗಂಟೆ. ಕಾಣಕೋಣದಿಂದ ಮುರ್ಡೇಶ್ವರ ರಸ್ತೆಯಲ್ಲಿ 150 ಕಿ.ಮೀ. ಚಿಲ್ಲರೆ, ಕೊಂಕಣ ರೈಲೂ ಇದೆ. ನನ್ನ ಸಲಹೆ: ಗ್ರಾಂಡೆಯಲ್ಲಿ ಕಲಿಯಿರಿ, ನೇತ್ರಾಣಿಯಲ್ಲಿ ನೋಡಿ. ಎರಡನ್ನೂ ಒಂದೇ ರಜೆಯಲ್ಲಿ ತುರುಕಲೇಬೇಕು ಅಂತೇನಿಲ್ಲ. ಮುಂಬೈ, ಪುಣೆಯವರಿಗೆ ಮಾಲ್ವಣದ ತಾರ್ಕರ್ಲಿ ಇನ್ನೂ ಹತ್ತಿರ. ಮಹಾರಾಷ್ಟ್ರ ಪ್ರವಾಸೋದ್ಯಮ ನಿಗಮದ ಡೈವಿಂಗ್ ತರಬೇತಿ ಕೇಂದ್ರ ಅಲ್ಲಿದೆ.

ಹಂತ 4: ಎಷ್ಟು ಡೈವಿಂಗ್ ಬೇಕು ಅಂತ ತೀರ್ಮಾನಿಸಿ

ಎರಡು ದಾರಿ ಇವೆ. ಮೊದಲನೆಯದು ಪರಿಚಯದ ಡೈವ್. ಅರ್ಧ ದಿನ ಪಾಠ ಮತ್ತು ಅಭ್ಯಾಸ, ಆಮೇಲೆ ತರಬೇತುದಾರರ ಜೊತೆ ಒಂದೋ ಎರಡೋ ಡೈವ್. 10 ವರ್ಷ ತುಂಬಿದ ಮಕ್ಕಳೂ ಮಾಡಬಹುದು. ಗರಿಷ್ಠ ಆಳ 12 ಮೀಟರ್, ಗೋವಾದಲ್ಲಿ ಅಷ್ಟೂ ಹೋಗಬೇಕಾಗುವುದಿಲ್ಲ. ಎರಡನೆಯದು ಓಪನ್ ವಾಟರ್ ಕೋರ್ಸ್. ಮೂರು-ನಾಲ್ಕು ದಿನ ಬೇಕು. ತರಗತಿ, ಈಜುಕೊಳ, ಸಮುದ್ರದಲ್ಲಿ ನಾಲ್ಕು ಡೈವ್. ಮುಗಿಸಿದರೆ ಜಗತ್ತಿನ ಯಾವ ಮೂಲೆಯಲ್ಲಾದರೂ ಜೊತೆಗಾರನೊಡನೆ 18 ಮೀಟರ್‌ವರೆಗೆ ಇಳಿಯುವ ಕಾರ್ಡ್ ಸಿಗುತ್ತದೆ. ಕಾರ್ಡ್ ಕೊಡುವ ಅಂತರರಾಷ್ಟ್ರೀಯ ಸಂಸ್ಥೆಗಳಲ್ಲಿ ಪ್ಯಾಡಿ, ಎಸ್‌ಎಸ್‌ಐ ಎರಡೂ ನಡೆಯುತ್ತವೆ, ಯಾವುದು ಮೇಲು ಅಂತ ತಲೆ ಕೆಡಿಸಿಕೊಳ್ಳಬೇಡಿ. ಸಂಸ್ಥೆಗಿಂತ ಕಲಿಸುವವರು ಮುಖ್ಯ.

‘ಭಾವ, ನಂಗೆ ಈಜೇ ಬರಲ್ಲ, ಆಗುತ್ತಾ?’ ಅಂತ ಪುಣೆಯಿಂದ ಹೆಂಡತಿಯ ತಮ್ಮ ಕೇಳಿದ್ದ. ಪರಿಚಯದ ಡೈವಿಗೆ ಆಗುತ್ತದೆ, ನೀರಿನ ಭಯ ಇರಬಾರದು ಅಷ್ಟೇ. ಕೋರ್ಸಿಗೆ ಆಗುವುದಿಲ್ಲ. 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ವೇಗದ ಪರೀಕ್ಷೆ ಇಲ್ಲ, ನಿಧಾನಕ್ಕೆ ಈಜಿದರೂ ನಡೆಯುತ್ತದೆ. ಈಜು ಬಾರದವರು ಆರು ತಿಂಗಳು ಮೊದಲೇ ಹತ್ತಿರದ ಈಜುಕೊಳ ಸೇರಿ. ಅದು ಸ್ಕೂಬಾಕ್ಕಷ್ಟೇ ಅಲ್ಲ, ಇಡೀ ಜೀವನಕ್ಕೆ ಬರುತ್ತದೆ.

ಹಂತ 5: ವೈದ್ಯಕೀಯ ಫಾರಂನಲ್ಲಿ ಸುಳ್ಳು ಬರೆಯಬೇಡಿ

ಒಳ್ಳೆಯ ಕೇಂದ್ರದವರು ಮೊದಲು ಕೈಗೆ ಕೊಡುವುದೇ ಆರೋಗ್ಯದ ಪ್ರಶ್ನೆಪತ್ರ. ಆಸ್ತಮಾ, ಹೃದಯದ ತೊಂದರೆ, ಮೂರ್ಛೆರೋಗ, ಸಕ್ಕರೆ ಕಾಯಿಲೆ, ಬಿಪಿ, ಕಿವಿ ಅಥವಾ ಎದೆಯ ಶಸ್ತ್ರಚಿಕಿತ್ಸೆ, ಎಲ್ಲ ಕೇಳಿರುತ್ತಾರೆ. ಯಾವುದಕ್ಕಾದರೂ ‘ಹೌದು’ ಅಂತ ಬಂದರೆ ವೈದ್ಯರ ಸಹಿ ಬೇಕಾಗುತ್ತದೆ. ಗರ್ಭಿಣಿಯರು ಡೈವ್ ಮಾಡುವಂತಿಲ್ಲ. ‘ಅಯ್ಯೋ, ಯಾವಾಗಲೋ ಚಿಕ್ಕವನಿದ್ದಾಗ ವೀಸಿಂಗ್ ಇತ್ತು, ಬರೆದರೆ ಬಿಡಲ್ಲ’ ಅಂತ ಮುಚ್ಚಿಡುವವರಿದ್ದಾರೆ. ಇದರಲ್ಲಿ ದಡ್ಡತನ ಇದೆ, ಜಾಣತನ ಇಲ್ಲ. ಆ ಫಾರಂ ಮನೆಯಲ್ಲಿರುವಾಗಲೇ ತರಿಸಿಕೊಂಡು ನಿಮ್ಮ ವೈದ್ಯರಿಗೆ ತೋರಿಸಿ. ಗೋವಾಕ್ಕೆ ಬಂದ ಮೇಲೆ ಸಹಿಗೆ ಅಲೆಯುವುದು ತಪ್ಪುತ್ತದೆ.

ನೆಗಡಿ ಇದ್ದರೆ ಆ ದಿನ ಡೈವ್ ಇಲ್ಲ, ಅಷ್ಟೇ. ಮೂಗು ಬಿಡಿಸುವ ಡ್ರಾಪ್ಸ್ ಹಾಕಿಕೊಂಡು ಇಳಿದರೆ ಅದರ ಪ್ರಭಾವ ನೀರಿನಡಿಯಲ್ಲೇ ಮುಗಿದು, ಮೇಲೆ ಬರುವಾಗ ಕಿವಿಯೊಳಗೆ ಗಾಳಿ ಸಿಕ್ಕಿಕೊಳ್ಳಬಹುದು.

ಹಂತ 6: ಡೈವಿಂಗ್ ಕೇಂದ್ರಕ್ಕೆ ಫೋನ್ ಮಾಡಿ ಕೇಳಬೇಕಾದ್ದು

ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ. ಒಬ್ಬ ತರಬೇತುದಾರರಿಗೆ ನೀರಿನಲ್ಲಿ ಎಷ್ಟು ಜನ? ಹೊಸಬರಾದರೆ, ಅದೂ ಗೋವಾದ ಮಸುಕು ನೀರಿನಲ್ಲಿ, ಇಬ್ಬರಿಗಿಂತ ಜಾಸ್ತಿ ಬೇಡ. ಸಮುದ್ರಕ್ಕೆ ಇಳಿಸುವ ಮೊದಲು ಈಜುಕೊಳದಲ್ಲೋ ಆಳವಿಲ್ಲದ ನೀರಿನಲ್ಲೋ ಅಭ್ಯಾಸ ಮಾಡಿಸುತ್ತೀರಾ? ದೋಣಿಯಲ್ಲಿ ತುರ್ತಿಗೆ ಶುದ್ಧ ಆಮ್ಲಜನಕದ ಕಿಟ್ ಇದೆಯಾ? ಸಮುದ್ರ ಕೆಟ್ಟು ರದ್ದಾದರೆ ದುಡ್ಡು ವಾಪಸ್ಸಾ, ಬೇರೆ ದಿನವಾ? ತರಬೇತುದಾರರ ಅರ್ಹತಾ ಕಾರ್ಡಿನ ನಂಬರ್ ಕೊಡುತ್ತೀರಾ? ಆ ನಂಬರನ್ನು ಪ್ಯಾಡಿಯಂಥ ಸಂಸ್ಥೆಯ ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ ಅವರು ಈಗಲೂ ಕಲಿಸಲು ಅರ್ಹರೋ ಇಲ್ಲವೋ ತಿಳಿಯುತ್ತದೆ.

ಉತ್ತರಕ್ಕಿಂತ ಉತ್ತರ ಕೊಡುವ ರೀತಿ ಗಮನಿಸಿ. ‘ಅದೆಲ್ಲಾ ಟೆನ್ಶನ್ ಬೇಡ ಸರ್, ನಾವಿದ್ದೀವಲ್ಲ’ ಅಂದರೆ ಫೋನ್ ಇಟ್ಟುಬಿಡಿ. ಆರೋಗ್ಯದ ಫಾರಂ ಇಲ್ಲ ಅಂದವರ ಬಾಗಿಲಿಗೂ ಹೋಗಬೇಡಿ. ಬೆಲೆ ಬಗ್ಗೆ ಒಂದು ಅಂದಾಜು: ಎರಡು ಸಾವಿರಕ್ಕೆ ಎಲ್ಲ ಸೇರಿ ಅನ್ನುವುದು ಪಾರ್ಟಿ ದೋಣಿಯ ರೇಟು. ಸರಿಯಾಗಿ ಮಾಡಿಸುವವರು ಪರಿಚಯದ ಡೈವಿಗೇ ಅದರ ಎರಡು-ಮೂರು ಪಟ್ಟು ಕೇಳುತ್ತಾರೆ, ಓಪನ್ ವಾಟರ್ ಕೋರ್ಸ್ ಅಂದರೆ ಹತ್ತಾರು ಸಾವಿರದ ಮಾತು. ಕಡಿಮೆ ಮಾಡಿಸಲು ಚೌಕಾಸಿ ಮಾಡುವ ಜಾಗ ಇದಲ್ಲ. ಚೌಕಾಸಿ ಮಾಡುವುದಿದ್ದರೆ ಟ್ಯಾಕ್ಸಿಯವರ ಹತ್ತಿರ ಮಾಡಿ, ಗೋವಾದಲ್ಲಿ ಅದಕ್ಕೆ ಬೇಕಾದಷ್ಟು ಅವಕಾಶ ಸಿಗುತ್ತದೆ.

ಹಂತ 7: ಬರುವ ದಾರಿ, ತರುವ ಸಾಮಾನು

ವಿಮಾನವಾದರೆ ದಾಬೋಳಿಗೇ ಟಿಕೆಟ್ ಮಾಡಿ. ಬೋಗ್ಮಾಳೊ ಅಲ್ಲಿಂದ ಕೂಗಳತೆ ದೂರ. ಮೋಪಾ ವಿಮಾನ ನಿಲ್ದಾಣ ಗೋವಾದ ಉತ್ತರ ತುದಿಯ ಪೆಡ್ಣೆ ತಾಲ್ಲೂಕಿನಲ್ಲಿದೆ. ಟಿಕೆಟ್ ಅಗ್ಗ ಅಂತ ಅಲ್ಲಿ ಇಳಿದರೆ ಉಳಿದ ದುಡ್ಡು ಟ್ಯಾಕ್ಸಿಗೆ ಹೋಗುತ್ತದೆ. ಮುಂಬೈಯಿಂದ ಕೊಂಕಣ ರೈಲು ಹಿಡಿದು ಮಡಗಾಂವ್‌ನಲ್ಲಿ ಇಳಿಯಿರಿ. ಪುಣೆಯವರಿಗೆ ಗೋವಾ ಎಕ್ಸ್‌ಪ್ರೆಸ್ ಇದೆ, ಬೆಳಗಾವಿ, ಲೋಂಡಾ ಮೇಲೆ ನೇರ ವಾಸ್ಕೋಗೆ ಬರುತ್ತದೆ. ಗೋವಾದೊಳಗೆ ಕದಂಬ ಬಸ್ಸುಗಳಿವೆ. ವಾಸ್ಕೋ, ಮಡಗಾಂವ್ ಮಾರುಕಟ್ಟೆಯಲ್ಲಿ ವಿಜಯಪುರ, ಬಾಗಲಕೋಟೆ, ಗದಗ ಕಡೆಯವರು ತುಂಬಾ ಜನ ಇದ್ದಾರೆ. ದಾರಿ ತಪ್ಪಿದರೆ ತರಕಾರಿ ಅಂಗಡಿಯಲ್ಲಿ ‘ಅಣ್ಣಾ’ ಅಂತ ಕನ್ನಡದಲ್ಲೇ ಕೇಳಿ ನೋಡಿ.

ಡೈವಿಂಗ್ ಸಾಮಾನೆಲ್ಲ ಕೇಂದ್ರದವರೇ ಕೊಡುತ್ತಾರೆ. ನೀವು ತರಬೇಕಾದ್ದು ಈಜುಡುಗೆ, ಟವೆಲ್, ಒಂದು ಜೊತೆ ಒಣ ಬಟ್ಟೆ. ಡೈವಿಂಗಿಗೆ ತೊಡುವ ವೆಟ್‌ಸೂಟ್ ಮೈಗೆ ಅಂಟಿಕೊಳ್ಳುತ್ತದೆ ಅಂತ ಹೆಣ್ಣುಮಕ್ಕಳು ಮುಜುಗರ ಪಡುವುದುಂಟು. ಒಳಗೆ ಲೆಗ್ಗಿಂಗ್ಸ್, ತುಂಬುತೋಳಿನ ಈಜು ಟೀಶರ್ಟ್ ಹಾಕಿಕೊಂಡರೆ ಆಯಿತು. ಕಾಲುಂಗುರ, ಉಂಗುರ, ಮಾಂಗಲ್ಯ ಎಲ್ಲ ರೂಮಿನ ಲಾಕರ್‌ನಲ್ಲಿಡಿ. ನೀರಿನಲ್ಲಿ ಬೆರಳು ಸಣ್ಣಗಾಗಿ ಉಂಗುರ ಜಾರುತ್ತದೆ, ಸರ ಪಟ್ಟಿಗಳಿಗೆ ಸಿಕ್ಕಿಕೊಳ್ಳುತ್ತದೆ. ಉದ್ದ ಕೂದಲಿಗೆ ಬಿಗಿಯಾಗಿ ಜಡೆ ಹೆಣೆಯಿರಿ, ಆದರೆ ಆ ದಿನ ಎಣ್ಣೆ ಮಾತ್ರ ಬೇಡ. ಹಣೆಗೆ ಇಳಿದ ಎಣ್ಣೆಯ ಮೇಲೆ ಮಾಸ್ಕ್ ನಿಲ್ಲುವುದಿಲ್ಲ.

ಇನ್ನು ಮೀಸೆ. ಇದನ್ನು ಯಾವ ಬ್ರೋಷರೂ ಹೇಳುವುದಿಲ್ಲ. ಮಾಸ್ಕಿನ ಸಿಲಿಕಾನ್ ಅಂಚು ಮೂಗಿನ ಕೆಳಗೆ ತುಟಿಯ ಮೇಲೆ ಕೂರುತ್ತದೆ. ದಪ್ಪ ಮೀಸೆ ಇದ್ದರೆ ಕೂದಲಿನ ಸಂದಿಯಲ್ಲಿ ನೀರು ಸಣ್ಣಗೆ ಒಸರಿ, ಐದು ನಿಮಿಷದಲ್ಲಿ ಮೂಗಿನ ತನಕ ಉಪ್ಪುನೀರು ತುಂಬುತ್ತದೆ. ಪೂರ್ತಿ ಬೋಳಿಸಬೇಕಿಲ್ಲ. ಮೂಗಿನ ಹೊಳ್ಳೆಗಳ ಕೆಳಗೆ ಒಂದು ಗೆರೆಯಷ್ಟು ಅಗಲ ಬೋಳಿಸಿದರೆ ಮಾಸ್ಕಿನ ಅಂಚು ಚರ್ಮದ ಮೇಲೆ ಕೂರುತ್ತದೆ, ಮೀಸೆಯ ಮಾನವೂ ಉಳಿಯುತ್ತದೆ. ಕನ್ನಡಕದವರು ನಂಬರ್ ಇರುವ ಮಾಸ್ಕ್ ಇದೆಯಾ ಅಂತ ಮೊದಲೇ ಕೇಳಿ.

ಹಂತ 8: ಹಿಂದಿನ ರಾತ್ರಿ ಮತ್ತು ದೋಣಿ

ರಾತ್ರಿ ಬೇಗ ಊಟ, ಬೇಗ ನಿದ್ದೆ. ಬೆಳಿಗ್ಗೆ ಎರಡು ಇಡ್ಲಿಯೋ ಬಾಳೆಹಣ್ಣೋ ಸಾಕು. ಖಾಲಿ ಹೊಟ್ಟೆಯೂ ಬೇಡ, ಎಣ್ಣೆಯ ಪೂರಿ-ಭಾಜಿಯೂ ಬೇಡ. ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವವರು ದೋಣಿಯಲ್ಲೂ ಮಾಡಿಕೊಳ್ಳುತ್ತಾರೆ. ವೈದ್ಯರನ್ನು ಕೇಳಿ ಮಾತ್ರೆಯನ್ನು ದೋಣಿ ಹತ್ತುವ ಒಂದು ಗಂಟೆ ಮೊದಲು ನುಂಗಿ, ಅದಕ್ಕೂ ಮೊದಲು ಮನೆಯಲ್ಲಿ ಒಂದು ದಿನ ನುಂಗಿ ನೋಡಿ. ಕೆಲವು ಮಾತ್ರೆಗಳು ನಿದ್ದೆ ಬರಿಸುತ್ತವೆ, ತೂಕಡಿಸುತ್ತಾ ಡೈವ್ ಮಾಡುವಂತಿಲ್ಲ. ದೋಣಿಯಲ್ಲಿ ಮೊಬೈಲ್ ನೋಡಬೇಡಿ. ದಿಗಂತ ನೋಡಿ, ಡೀಸೆಲ್ ಹೊಗೆಯಿಂದ ದೂರ ಕೂರಿ.

ಸಾಮಾನು ತೊಡಿಸುವಾಗ ಯಾವುದು ಏನು ಅಂತ ಕೇಳಿ ತಿಳಿದುಕೊಳ್ಳಿ. ಸಿಲಿಂಡರಿನಲ್ಲಿರುವುದು ಆಕ್ಸಿಜನ್ ಅಲ್ಲ, ನಾವು ಉಸಿರಾಡುವ ಸಾಮಾನ್ಯ ಗಾಳಿಯನ್ನೇ ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿರುತ್ತಾರೆ. ಬಾಯಿಗಿಡುವುದು ರೆಗ್ಯುಲೇಟರ್. ಅದರ ಪಕ್ಕ ಹಳದಿ ಬಣ್ಣದ ಇನ್ನೊಂದು ನೇತಾಡುತ್ತಿರುತ್ತದೆ, ಅದು ತುರ್ತಿಗೆ. ಜಾಕೆಟ್ಟಿನಂಥದ್ದು ಬಿಸಿಡಿ, ಗಾಳಿ ತುಂಬಿದರೆ ತೇಲುತ್ತೀರಿ, ಬಿಟ್ಟರೆ ಮುಳುಗುತ್ತೀರಿ. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ಮೀಟರ್ ಎಲ್ಲಿದೆ ನೋಡಿಕೊಳ್ಳಿ. 50 ಬಾರ್ ಉಳಿದಾಗ ದೋಣಿಯ ಪಕ್ಕ ಇರಬೇಕು ಅನ್ನುವುದು ಎಲ್ಲ ಕಡೆ ನಡೆದುಬಂದ ಲೆಕ್ಕ.

ಹಂತ 9: ನೀರಿನಡಿಯಲ್ಲಿ

ನೆನಪಿಡಬೇಕಾದ ಮೊದಲ ನಿಯಮ: ಉಸಿರು ಹಿಡಿಯಬೇಡಿ. ಈಜುವಾಗ ನಾವು ಕಲಿತದ್ದಕ್ಕೆ ಇದು ವಿರುದ್ಧ, ಅದಕ್ಕೇ ಹತ್ತು ಸಲ ಹೇಳಬೇಕಾಗುತ್ತದೆ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. ಅಂದರೆ 10 ಮೀಟರ್ ಕೆಳಗೆ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಶ್ವಾಸಕೋಶ ತುಂಬಿಕೊಂಡು, ಉಸಿರು ಬಿಗಿಹಿಡಿದು ಮೇಲೆ ಬಂದರೆ ಅದೇ ಗಾಳಿ ಎರಡರಷ್ಟು ಹಿಗ್ಗುತ್ತದೆ. ಶ್ವಾಸಕೋಶ ಅದನ್ನು ತಡೆದುಕೊಳ್ಳುವುದಿಲ್ಲ. ನಿಧಾನಕ್ಕೆ ಎಳೆದುಕೊಳ್ಳಿ, ಇನ್ನೂ ನಿಧಾನಕ್ಕೆ ಬಿಡಿ. ಗುಳ್ಳೆಗಳ ಗುಳುಗುಳು ಸದ್ದು ಕೇಳಿಸುತ್ತಲೇ ಇರಬೇಕು.

ಎರಡನೆಯದು ಕಿವಿ. ಅನ್ಮೋಡ್ ಘಾಟ್ ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ಹಾಗೆಯೇ, ಆದರೆ ತುಂಬಾ ಬೇಗ. ಮಾಸ್ಕಿನ ಮೇಲಿನಿಂದ ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಮೂಗಿನಿಂದ ಊದಿದಂತೆ ಮಾಡಿ. ‘ಟಪ್’ ಅಂತ ಬಿಡುತ್ತದೆ. ನೋವು ಬಂದ ಮೇಲೆ ಮಾಡುವುದಲ್ಲ, ಇಳಿಯಲು ಶುರು ಮಾಡಿದಾಗಿನಿಂದಲೇ ಅರ್ಧ ಅರ್ಧ ಮೀಟರಿಗೆ ಮಾಡುತ್ತಾ ಹೋಗಬೇಕು. ಮೊದಲ ಕೆಲವು ಮೀಟರಿನಲ್ಲೇ ಕಿವಿಗೆ ಕೆಲಸ ಜಾಸ್ತಿ. ಬಿಡಲಿಲ್ಲವಾ? ಒಂದು ಮೀಟರ್ ಮೇಲೆ ಬನ್ನಿ, ಮತ್ತೆ ಮಾಡಿ. ಆಗಲೂ ಬಿಡದಿದ್ದರೆ ಡೈವ್ ಮುಗಿಸಿ. ‘ದುಡ್ಡು ಕೊಟ್ಟಿದ್ದೀನಿ’ ಅಂತ ಹಟ ಹಿಡಿದರೆ ಕಿವಿ ತಮಟೆ ಹರಿಯಬಹುದು.

ಮಾಸ್ಕಿಗೆ ನೀರು ಬಂದರೆ ಗಾಬರಿ ಬೀಳುವವರೇ ಜಾಸ್ತಿ. ಬಾಯಿಯಿಂದ ಉಸಿರಾಟ ನಡೆದೇ ಇರುತ್ತದೆ ಅನ್ನುವುದು ಆ ಗಳಿಗೆಗೆ ಮರೆತುಹೋಗುತ್ತದೆ. ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ, ಸ್ವಲ್ಪ ಮೇಲೆ ನೋಡುತ್ತಾ, ಮೂಗಿನಿಂದ ಗಾಳಿ ಬಿಡಿ. ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ. ಇದನ್ನು ಆಳವಿಲ್ಲದ ನೀರಿನಲ್ಲಿ ಕೈಗೆ ಬರುವ ತನಕ ಮಾಡಿಸಿಕೊಳ್ಳಿ. ತರಬೇತುದಾರರು ‘ಸಾಕು, ಹೋಗೋಣ’ ಅಂದರೂ ‘ಇನ್ನೊಂದು ಸಲ’ ಅನ್ನಿ. ನನ್ನ ಪ್ರಕಾರ ಇಡೀ ರಜೆಯಲ್ಲಿ ಕಳೆಯುವ ಅತ್ಯಂತ ಲಾಭದ ಹತ್ತು ನಿಮಿಷ ಅದು.

ಕೈಸನ್ನೆಯಲ್ಲಿ ಒಂದು ಗೊಂದಲ ಇದೆ. ಮೇಲೆ ನಾವು ಎಲ್ಲದಕ್ಕೂ ಹೆಬ್ಬೆರಳು ಎತ್ತಿ ‘ಸೂಪರ್’ ಅನ್ನುತ್ತೇವೆ. ನೀರಿನಡಿ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಅಂತ ಅರ್ಥ, ಅವರು ನಿಮ್ಮನ್ನು ಸೀದಾ ಮೇಲಕ್ಕೆ ಕರೆದೊಯ್ಯುತ್ತಾರೆ. ಎಲ್ಲ ಸರಿ ಇದೆ ಅನ್ನಲು ಹೆಬ್ಬೆರಳು-ತೋರುಬೆರಳು ಸೇರಿಸಿ ಸುತ್ತು ಮಾಡಿ. ತೊಂದರೆ ಇದ್ದರೆ ಅಂಗೈ ಅಡ್ಡ ಹಿಡಿದು ಅತ್ತಿತ್ತ ಆಡಿಸಿ, ಆಮೇಲೆ ತೊಂದರೆ ಇರುವ ಜಾಗ ತೋರಿಸಿ.

ಇಷ್ಟು ಕೈಗೆ ಬಂದ ಮೇಲೆ ನೋಡುವುದು ಶುರು. ನೀರಿನಲ್ಲಿ ವಸ್ತುಗಳು ಇರುವುದಕ್ಕಿಂತ ಸುಮಾರು ಮೂರನೇ ಒಂದು ಭಾಗ ದೊಡ್ಡದಾಗಿ ಕಾಣುತ್ತವೆ. ಹಾಗಾಗಿ ‘ಇಷ್ಟು ದೊಡ್ಡ ಮೀನು ನೋಡಿದೆ’ ಅನ್ನುವವರ ಮಾತಿನಲ್ಲಿ ಅಷ್ಟು ಕಳೆದುಕೊಳ್ಳಿ. ಕೆಂಪು ಬಣ್ಣ ಮೊದಲು ಮಾಯವಾಗುತ್ತದೆ. ಕೆಲವೇ ಮೀಟರ್ ಕೆಳಗೆ ಕೆಂಪು ಹವಳವೂ ಬೂದಿ ಬಣ್ಣಕ್ಕೆ ತಿರುಗುತ್ತದೆ, ಟಾರ್ಚ್ ಹಾಕಿದರೆ ಮತ್ತೆ ಕೆಂಪಾಗುತ್ತದೆ. ಒಂದೇ ಬಂಡೆಯ ಮುಂದೆ ಐದು ನಿಮಿಷ ಅಲುಗದೆ ನಿಂತರೆ, ಊರೆಲ್ಲ ಸುತ್ತಿದವರಿಗಿಂತ ಜಾಸ್ತಿ ಕಾಣಿಸುತ್ತದೆ. ಮೊದಲು ಬರೀ ಪಾಚಿ ಅನ್ನಿಸಿದ್ದರಲ್ಲಿ ಒಂದು ಕಣ್ಣು ಹೊರಳುತ್ತದೆ, ಸಂದಿಯಲ್ಲಿ ಸಿಗಡಿಯ ಮೀಸೆ ಆಡುತ್ತದೆ, ಬೆರಳಿನ ಉಗುರಿನಷ್ಟು ಸಣ್ಣ, ಚಿಪ್ಪಿಲ್ಲದ ಬಣ್ಣದ ಕಡಲ ಬಸವನಹುಳು ತೆವಳುತ್ತದೆ.

ಏನನ್ನೂ ಮುಟ್ಟಬೇಡಿ. ಲಯನ್ ಫಿಶ್ಶಿನ ಮುಳ್ಳಿನಲ್ಲಿ ವಿಷ ಇದೆ, ಕಡಲ ಮುಳ್ಳುಗೋಳದ ಮುಳ್ಳು ಚರ್ಮದೊಳಗೇ ಮುರಿಯುತ್ತದೆ. ಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಂರಕ್ಷಿತ, ತುಂಡು ಕಿತ್ತು ತರುವುದು ಅಪರಾಧ. ದೋಣಿಯವರೇ ಕಿತ್ತುಕೊಟ್ಟರೂ ತಗೊಳ್ಳಬೇಡಿ. ಮೀನಿಗೆ ಬ್ರೆಡ್, ಬಿಸ್ಕತ್ತು ಹಾಕುವವರಿದ್ದಾರೆ, ಅವರ ಜೊತೆ ಸೇರಬೇಡಿ.

ಮೇಲೆ ಬರುವಾಗ ನಿಮಿಷಕ್ಕೆ 9 ಮೀಟರಿಗಿಂತ ವೇಗ ಬೇಡ. ನಿಮ್ಮ ಸಣ್ಣ ಗುಳ್ಳೆಗಳನ್ನು ನೀವು ಹಿಂದೆ ಹಾಕಬಾರದು. 5 ಮೀಟರಿನಲ್ಲಿ 3 ನಿಮಿಷ ನಿಲ್ಲುವ ಅಭ್ಯಾಸ ಇದೆ, ಆಳ ಕಡಿಮೆ ಇದ್ದರೂ ಅದನ್ನು ರೂಢಿಸಿಕೊಂಡರೆ ಒಳ್ಳೆಯದು.

ಹಂತ 10: ಈಗ ರೆಸಾರ್ಟ್

ಡೈವ್ ಮುಗಿಸಿ, ಮೀನು ತಿನ್ನುವವರು ಮೀನೂಟ, ಉಳಿದವರು ಅನ್ನ-ಸಾರು ಉಂಡು, ಮಧ್ಯಾಹ್ನ ಕಾಣಕೋಣದ ಕಡೆ ಹೊರಡಿ. ಪಾಳೊಳೆಂ ಈಗ ಗದ್ದಲದ ಊರು. ಆಗೊಂದ, ತಳಪೋಣ, ಗಾಳಿಮರಗಳ ಗಾಲ್ಜಿಬಾಗ ಇನ್ನೂ ತಣ್ಣಗಿವೆ. ಇಲ್ಲಿನ ಕಡಲತೀರದ ಗುಡಿಸಿಲುಗಳು ಬಹುಪಾಲು ತಾತ್ಕಾಲಿಕ. ಮಳೆಗಾಲದ ಮೊದಲು ಬಿಚ್ಚಿಡುತ್ತಾರೆ, ಮಳೆ ಹೋದ ಮೇಲೆ ಮತ್ತೆ ಕಟ್ಟುತ್ತಾರೆ. ಬುಕ್ ಮಾಡುವಾಗ ‘ಕಟ್ಟಿ ಮುಗಿದಿದೆಯಾ?’ ಅಂತ ಕೇಳಿ, ಅಕ್ಟೋಬರ್‌ನಲ್ಲಿ ಬಡಿಗನ ಸುತ್ತಿಗೆ ಸದ್ದಿಗೆ ಎದ್ದವರಿದ್ದಾರೆ.

ಬೋರ್ಡಿನಲ್ಲಿ ‘ಇಕೋ’ ಅಂತ ಬರೆಯಲು ದುಡ್ಡು ಬೇಕಿಲ್ಲ. ಅಡುಗೆಮನೆಯ ನೀರು ಎಲ್ಲಿಗೆ ಹೋಗುತ್ತದೆ, ಕುಡಿಯುವ ನೀರಿಗೆ ಪ್ಲಾಸ್ಟಿಕ್ ಬಾಟಲಿಯೋ ಫಿಲ್ಟರೋ, ರಾತ್ರಿ ದೀಪ ಕಡಲಿನ ಕಡೆ ಉರಿಯುತ್ತದೆಯೋ, ಇಷ್ಟು ಕೇಳಿ. ದೀಪದ ಪ್ರಶ್ನೆ ಸುಮ್ನೆ ಅಲ್ಲ. ಆಗೊಂದ, ಗಾಲ್ಜಿಬಾಗದಲ್ಲಿ ಚಳಿಗಾಲದಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಮರಿಗಳು ಬೆಳಕು ಕಂಡ ಕಡೆಗೆ ತೆವಳುತ್ತವೆ, ಸಮುದ್ರದ ಬದಲು ಹೋಟೆಲಿನ ಕಡೆ ಹೋಗಿಬಿಡುತ್ತವೆ. ಅರಣ್ಯ ಇಲಾಖೆಯವರು ಮೊಟ್ಟೆಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. ದೂರದಿಂದ ನೋಡಿ, ಫ್ಲ್ಯಾಶ್ ಹಾಕಬೇಡಿ.

ಒಂದು ಬೆಳಿಗ್ಗೆ ಕೋಟಿಗಾಂವ್ ಅಭಯಾರಣ್ಯಕ್ಕೆ ಇಡಿ. 1968ರಲ್ಲಿ ಆದದ್ದು, ಸುಮಾರು 86 ಚದರ ಕಿ.ಮೀ. ಹುಲಿ ನೋಡುವ ಆಸೆ ಬೇಡ. ಕೆಂದಳಿಲು, ಹಕ್ಕಿ, ಅದೃಷ್ಟ ಇದ್ದರೆ ಕಾಡುಕೋಣ. ಸಸ್ಯಾಹಾರಿಗಳಿಗೆ ಚಾವ್ಡಿ ಪೇಟೆಯಲ್ಲಿ ಊಟಕ್ಕೆ ತೊಂದರೆ ಇಲ್ಲ. ಉಳಿದ ಹೊತ್ತು ಏನು ಮಾಡಬೇಕು ಅಂತ ನಾನು ಹೇಳುವುದಿಲ್ಲ, ಏನೂ ಮಾಡದಿರಲೆಂದೇ ಅಲ್ವಾ ಅಲ್ಲಿಗೆ ಹೋಗುವುದು.

ಹಂತ 11: ಊರಿಗೆ ವಾಪಸ್ಸು, ಘಾಟಿನ ಲೆಕ್ಕ

ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದ ಮೇಲೆ ನಿಧಾನಕ್ಕೆ ಹೊರಗೆ ಹೋಗುತ್ತದೆ. ಅದು ಹೋಗುವ ಮೊದಲೇ ಗಾಳಿಯ ಒತ್ತಡ ಕಡಿಮೆ ಇರುವ ಎತ್ತರಕ್ಕೆ ಹೋದರೆ ಮೈಯೊಳಗೇ ಗುಳ್ಳೆ ಏಳುವ ಅಪಾಯ. ಅದಕ್ಕೇ ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಜಾಸ್ತಿ ಡೈವ್ ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಅನ್ನುತ್ತಾರೆ. 24 ಗಂಟೆ ಬಿಟ್ಟರೆ ಲೆಕ್ಕ ಹಾಕುವ ತಲೆನೋವೇ ಇಲ್ಲ.

ವಿಮಾನದ ಮಾತು ಎಲ್ಲರೂ ಹೇಳುತ್ತಾರೆ, ಘಾಟಿನ ಮಾತು ಯಾರೂ ಎತ್ತುವುದಿಲ್ಲ. ಈ 12, 18 ಗಂಟೆಯ ಲೆಕ್ಕ ಸುಮಾರು 600 ಮೀಟರ್ ಮೇಲಿನ ಎತ್ತರಕ್ಕೆಲ್ಲ ಅನ್ವಯಿಸುತ್ತದೆ. ಬೆಳಗಾವಿ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಧಾರವಾಡವೂ ಹೆಚ್ಚು ಕಡಿಮೆ ಅಷ್ಟೇ. ಬೆಳಿಗ್ಗೆ ಗ್ರಾಂಡೆಯಲ್ಲಿ ಎರಡು ಡೈವ್ ಮಾಡಿ, ಸಂಜೆ ಕಾರು ಹತ್ತಿ ಚೋರ್ಲಾ ಘಾಟ್ ಮೇಲೆ ಬೆಳಗಾವಿಗೆ ಹೋಗುವುದು ನಮ್ಮ ಜನಕ್ಕೆ ಸಲೀಸು. ಅದನ್ನು ಮಾಡಬೇಡಿ. ಒಂದು ರಾತ್ರಿ ಕರಾವಳಿಯಲ್ಲೇ ಮಲಗಿ, ಮರುದಿನ ಘಾಟ್ ಹತ್ತಿ. ಬೆಳಗಾವಿ ಮೇಲೆ ಹೋಗುವ ಪುಣೆಯವರಿಗೂ ಇದೇ ಮಾತು. ಮುಂಬೈಯವರು ಅದೃಷ್ಟವಂತರು, ಕೊಂಕಣ ರೈಲು ತಗ್ಗಿನಲ್ಲೇ ಊರು ಮುಟ್ಟಿಸುತ್ತದೆ.

ಮೇಲೆ ಬಂದ ಮೇಲೆ ಮುಂದಿನ ಒಂದು ದಿನ ಮೈಯ ಕಡೆ ಗಮನ ಇರಲಿ. ಕೀಲು ನೋವು, ಕೈಕಾಲು ಜೋಮು, ತಲೆಸುತ್ತು, ಚರ್ಮದ ಮೇಲೆ ಚಿತ್ರ ಬಿಡಿಸಿದಂತೆ ಕಲೆ, ಕಾರಣವಿಲ್ಲದ ಸುಸ್ತು ಕಂಡರೆ ‘ನಿದ್ದೆಗೆಟ್ಟಿದ್ದಕ್ಕೆ’ ಅಂತ ಮಲಗಬೇಡಿ. ಕೇಂದ್ರದವರಿಗೆ ಫೋನ್ ಮಾಡಿ, ಗೋವಾದಲ್ಲೇ ಇದ್ದರೆ 108ಕ್ಕೂ ಮಾಡಿ. ಆಸ್ಪತ್ರೆಯಲ್ಲಿ ಬೇರೆ ಏನು ಹೇಳುವ ಮೊದಲೂ ‘ನಾನು ಇಷ್ಟು ಗಂಟೆಗೆ, ಇಷ್ಟು ಆಳಕ್ಕೆ ಡೈವ್ ಮಾಡಿದ್ದೆ, ಆಕ್ಸಿಜನ್ ಕೊಡಿ’ ಅನ್ನಿ. ಆಳ ಮತ್ತು ಸಮಯವನ್ನು ದೋಣಿಯಲ್ಲೇ ತರಬೇತುದಾರರಿಂದ ಕೇಳಿ ಮೊಬೈಲಿನಲ್ಲಿ ಬರೆದುಕೊಂಡಿರಿ.